ಸಾವಂತ್ರಕ್ಕನ ವಿಮಾನ ಕೂತದ್ದು ಹೇಗೆ

ನಮ್ಮೂರಿನಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯವರನ್ನು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮನೆಯ ವಿಮಾನ ಕೂತಿದೆಯಾ? ಹುಡುಗನ ಕೆಲಸ, ಗುಣ, ಗೋತ್ರದ ಮಾತೆಲ್ಲ ಆಮೇಲೆ. ವಿಮಾನ ಕೂತ ಮನೆಯವರು ಹೊಂದಿಕೊಂಡು ಬಾಳುವ ಜನ ಎಂಬ ನಂಬಿಕೆ. ನನ್ನ ಮದುವೆಯ ಹೊತ್ತಿಗೆ ನಮ್ಮ ಮನೆಯಲ್ಲಿ ವಿಮಾನವೇ ಇರಲಿಲ್ಲ, ಆದರೂ ಹೆಣ್ಣು ಸಿಕ್ಕಿತು. ಯಾಕೆಂದರೆ ನಾನು ರುಕ್ಮಾಂಗದ, ಊರಿನ ವಿಮಾನಗಳಿಗೆಲ್ಲ ಗವಸು ಹೊಲಿಯುವ ಟೈಲರು. ಈ ಊರಿನಲ್ಲಿ ನನ್ನ ಕತ್ತರಿಗೆ ಇರುವ ಮರ್ಯಾದೆ ಡಾಕ್ಟರ ಸೂಜಿಗೂ ಇಲ್ಲ ಎಂದು ನಾನು ಹೇಳಿಕೊಳ್ಳಬಾರದು, ನನ್ನ ಹೆಂಡತಿ ಹೇಳುತ್ತಾಳೆ.

ಸೇನೆಯಲ್ಲಿ ದುಡಿದು ನಿವೃತ್ತವಾದ ವಿಮಾನಗಳು ವರ್ಷಕ್ಕೆ ಮೂರೋ ನಾಲ್ಕೋ ನಮ್ಮೂರಿಗೆ ಬರುತ್ತವೆ. ಯಾರೂ ಎಳೆದು ತರುವುದಿಲ್ಲ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಹುಣಸೆಮರದ ತಿರುವಿನಲ್ಲಿ ತಾವಾಗಿ ಉರುಳಿಕೊಂಡು ಬಂದು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿರುತ್ತವೆ. ಆ ದಿನವೇ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರ ಅಂಗಳಕ್ಕೆ ವಿಮಾನ. ಸೇನೆಯಲ್ಲಿ ಏನು ಮಾಡಿದೆ, ಎಲ್ಲಿಗೆ ಹೋಗಿದ್ದೆ ಎಂದು ಅದನ್ನು ಯಾರೂ ಕೇಳಬಾರದು. ಮನಸ್ಸು ಒಪ್ಪಿದ ದಿನ ಅದರ ಚಕ್ರಗಳ ಗಾಳಿ ತಾನಾಗಿ ಇಳಿಯುತ್ತದೆ. ದೂರದಿಂದ ಬಸ್ಸಿನಲ್ಲಿ ಬಂದವರು ಜಗಲಿಯ ಮೇಲೆ ಕೂತು ಉಸ್ಸಪ್ಪಾ ಎನ್ನುವ ಹಾಗೆ. ಅದಕ್ಕೆ ನಾವು ವಿಮಾನ ಕೂತಿತು ಎನ್ನುತ್ತೇವೆ. ಕೂತ ದಿನ ಬೀದಿಗೆಲ್ಲ ಹೋಳಿಗೆ.

ಕೂತ ಮೇಲೆ ವಿಮಾನ ಮನೆಯ ಸದಸ್ಯ. ಅಂಚೆ ಕಚೇರಿಯ ಪಕ್ಕದ ಹೆಲಿಕಾಪ್ಟರಿನ ಹೊಟ್ಟೆಯಲ್ಲಿ ಕ್ಷೌರದಂಗಡಿ ಇದೆ. ಫಿರಂಗಿ, ಜೀಪು ಹೊರುತ್ತಿದ್ದ ದೊಡ್ಡ ವಿಮಾನವೊಂದರಲ್ಲಿ ಈಗ ಮದುವೆ ಊಟ ನಡೆಯುತ್ತದೆ, ಒಂದು ಪಂಕ್ತಿಗೆ ನೂರು ಎಲೆ ಹಾಕಬಹುದು. ಉಳಿದವುಗಳ ರೆಕ್ಕೆಗಳ ಮೇಲೆ ಬಟ್ಟೆ, ಮೆಣಸಿನಕಾಯಿ, ಸಂಡಿಗೆ ಒಣಗುತ್ತವೆ. ಅದಕ್ಕೇ ನಾನು ಗವಸನ್ನು ಬೆನ್ನಿಗಷ್ಟೇ ಹೊಲಿಯುತ್ತೇನೆ, ರೆಕ್ಕೆ ಹೊರಗೆ ಬಿಡುತ್ತೇನೆ. ನನ್ನ ಕಸುಬಿನ ಗುಟ್ಟು ಒಂದಿದೆ. ನಿಂತ ವಿಮಾನದ ಅಳತೆ ತೆಗೆದು ಅದರಲ್ಲಿ ನಾಲ್ಕು ಬೆರಳು ಕಳೆಯಬೇಕು, ಗಾಳಿ ಇಳಿದಾಗ ಅದು ಅಷ್ಟು ಕೆಳಗೆ ಬರುತ್ತದೆ. ಕಳೆಯದಿದ್ದರೆ ಗವಸಿನ ಅಂಚು ನೆಲದ ಮೇಲೆ ಮುದುಡಿ ಬೀಳುತ್ತದೆ, ಊರವರು ನಗುತ್ತಾರೆ.

ಕೂರದಿದ್ದರೆ? ನಲವತ್ತೆಂಟು ದಿನ ಕಾಯುತ್ತಾರೆ. ಆಮೇಲೆ ಹೊಳೆಯಾಚೆಯಿಂದ ಕುಲುಮೆಯ ಲಾರಿ ಬರುತ್ತದೆ. ಅಲ್ಲಿ ಕರಗಿಸಿ ಪಾತ್ರೆ ಮಾಡುತ್ತಾರಂತೆ. ನಮ್ಮೂರಿನ ಯಾವ ಮನೆಯಲ್ಲೂ ಅಲ್ಯೂಮಿನಿಯಂ ಪಾತ್ರೆ ಇಲ್ಲ.

ನನ್ನ ಅಂಗಡಿಯ ಎದುರುಮನೆ ಸಾವಂತ್ರಕ್ಕನದು. ಹಪ್ಪಳ ಮಾಡಿ ಮಾರುತ್ತಾಳೆ. ಅವಳ ಹಪ್ಪಳದ ರುಚಿ ಹತ್ತು ಊರಿಗೆ ಗೊತ್ತು, ಬಾಯಿಯ ರುಚಿ ನಮ್ಮ ಬೀದಿಗೆ ಮಾತ್ರ ಗೊತ್ತು. ಹನ್ನೊಂದು ವರ್ಷ ಚೀಟಿಯಲ್ಲಿ ಅವಳ ಹೆಸರು ಬರಲೇ ಇಲ್ಲ. ಹನ್ನೊಂದು ವರ್ಷವೂ ಅವಳು ಹಪ್ಪಳದ ಮೊರ ಸೊಂಟಕ್ಕೇರಿಸಿಕೊಂಡು, ಕೈಯಲ್ಲಿ ಸ್ಟೂಲು ಹಿಡಿದು, ಬೇರೆಯವರ ರೆಕ್ಕೆ ಕೇಳುತ್ತ ತಿರುಗಿದಳು. ಬಿಸಿಲು ಚೆನ್ನಾಗಿ ಬೀಳುತ್ತಿದ್ದದ್ದು ಪಾರುಪತ್ತೆಗಾರ ಚನ್ನವೀರಯ್ಯನವರ ಅಂಗಳದಲ್ಲಿ. ಊರಿನ ವಿಮಾನಗಳ ಉಸ್ತುವಾರಿ ಅವರದೇ. ಅವರ ಮನೆಯದು ಚೂಪು ಮೂಗಿನ ಯುದ್ಧವಿಮಾನ. ರೆಕ್ಕೆ ಆಳೆತ್ತರ, ಮೈಮೇಲೆ ಒಂದು ಗೀರಿಲ್ಲ. ಅವರ ಹೆಂಡತಿ ಗಿರಿಜಮ್ಮ ಪ್ರತಿಸಲವೂ, "ಹಾಕ್ಕೋ ಸಾವಂತ್ರಿ, ಆದ್ರೆ ನಮ್ ಸಂಡಿಗೆ ಒಣಗಿದ್ಮೇಲೆ" ಎನ್ನುತ್ತಿದ್ದರು. ಅವರ ಸಂಡಿಗೆ ಒಣಗುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು. ಸ್ಟೂಲಿನ ಮೇಲೆ ನಿಂತು, ತುದಿಗಾಲಿನಲ್ಲಿ ಹಪ್ಪಳ ಹರಡುತ್ತಿದ್ದ ಅವಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹನ್ನೆರಡನೆಯ ವರ್ಷ ಅವಳ ಹೆಸರು ಬಂತು. ಬಂದದ್ದಾದರೂ ಎಂಥ ವಿಮಾನ! ಬೆಳ್ಳಿಯ ಬಣ್ಣ, ಉದ್ದನೆಯ ಅಗಲ ರೆಕ್ಕೆ, ಸೊಂಟದೆತ್ತರ. ಹಪ್ಪಳ ಹಾಕಲೆಂದೇ ಯಾರೋ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಸಾವಂತ್ರಕ್ಕ ಅದರ ಮುಂದೆ ಬೀದಿಯುದ್ದಕ್ಕೂ ಆರತಿ ಹಿಡಿದು ನಡೆದಳು. ವಿಮಾನ ಸದ್ದಿಲ್ಲದೆ ಹಿಂಬಾಲಿಸಿತು. ಎಣ್ಣೆಯ ವಾಸನೆ ಇಲ್ಲ, ಗಡಗಡ ಇಲ್ಲ. "ಎಷ್ಟು ನಾಜೂಕು" ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಆ ದಿನ ಒಂದೇ ಒಂದು ಎಡವಟ್ಟಾಯಿತು. ಮೆರವಣಿಗೆ ಹಾದುಹೋದ ಮನೆಗಳಲ್ಲೆಲ್ಲ ರೆಕ್ಕೆಯ ಮೇಲೆ ಒಣಗಹಾಕಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಗಿರಿಜಮ್ಮನ ಸಂಡಿಗೆಯಂತೂ ಪೂರ್ತಿ ಮಣ್ಣುಪಾಲು. ಹೆಂಗಸರು ಗಾಳಿಗೆ ಹಿಡಿಶಾಪ ಹಾಕಿದರು. ಗಾಳಿ ಬೀಸಿದ ನೆನಪು ನನಗಂತೂ ಇಲ್ಲ.

ಕೂರುವವರೆಗೆ ಹೊಸ ವಿಮಾನವನ್ನು ಬಟ್ಟಬಯಲಲ್ಲಿ ನಿಲ್ಲಿಸುವುದು ಪದ್ಧತಿ. ಗವಸಿಲ್ಲ, ಚಪ್ಪರವಿಲ್ಲ, ರೆಕ್ಕೆಯ ಮೇಲೆ ಒಂದು ಕರವಸ್ತ್ರವೂ ಕೂಡದು. ದಾರಿಹೋಕರು ನೋಡಬೇಕು, ಹೊಗಳಬೇಕು, ಅದಕ್ಕೆ ಖುಷಿಯಾಗಬೇಕು. ಸಾವಂತ್ರಕ್ಕ ಬೇಲಿ ಕಿತ್ತು ಅಂಗಳ ಅಗಲ ಮಾಡಿದಳು, ನೆರಳು ಬೀಳುತ್ತದೆಂದು ನುಗ್ಗೆಯ ಕೊಂಬೆ ಕಡಿಸಿದಳು. ದಿನವೂ ಅದಕ್ಕೆ ಬೀದಿಯ ಸುದ್ದಿಯೆಲ್ಲ ಹೇಳಿದಳು, ನನ್ನ ವಿಷಯವನ್ನೂ ಬಿಡದೆ. ವಾರ ಕಳೆಯಿತು, ತಿಂಗಳು ಕಳೆಯಿತು. ಚಕ್ರಗಳು ಮಾತ್ರ ಗುಂಡಗೆ, ಗಟ್ಟಿಯಾಗಿ ನಿಂತೇ ಇದ್ದವು.

ಒಂದು ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ರುಕ್ಮಣ್ಣ, ಅದು ನಡುಗ್ತದೆ ಕಣೋ."

"ಯಾವಾಗಕ್ಕ?"

"ಮೇಲೆ ಗರುಡ ಹಾರಿದ್ರೂ ಸಾಕು. ನೆರಳು ಬಿತ್ತೂಂದ್ರೆ ಮೈಯೆಲ್ಲ ಕಿರ್ ಅನ್ನುತ್ತೆ."

ಪಾರುಪತ್ತೆಗಾರರು ಬಂದು ನೋಡಿದರು. ಅವರು ಕೆಟ್ಟವರಲ್ಲ, ನಿಯಮದ ಪುಸ್ತಕದ ಹೊರಗೆ ಜಗತ್ತಿದೆ ಎಂದು ತಿಳಿಯದವರು. "ಅದಕ್ಕೆ ಹಾರೋ ಹಂಬಲ ಕಣಮ್ಮ. ಆಕಾಶ ಕಂಡ್ರೆ ಜೀವ ಎಳೀತದೆ. ಬೋಳುಗುಡ್ಡದ ಮೇಲೆ ಒಂದ್ ದಿನ ನಿಲ್ಸಿ, ಕಣ್ತುಂಬ ನೋಡ್ಲಿ" ಎಂದರು. ಎಲ್ಲರಿಗೂ ಸರಿ ಎನ್ನಿಸಿತು, ನನಗೂ.

ಬೇರೆ ವಿಮಾನವನ್ನು ಬೀದಿಯ ತುದಿಗೆ ಸರಿಸಲು ನಲವತ್ತು ಜನ ಬೇಕು. ಇದನ್ನು ಗರಡಿಮನೆಯ ಎಂಟೇ ಜನ ಗುಡ್ಡದ ನೆತ್ತಿಗೆ ಹತ್ತಿಸಿಬಿಟ್ಟರು. ಅಲ್ಲಿಂದಾಚೆ ಅವರು ಬೀದಿಯಲ್ಲಿ ತೋಳು ಅಗಲಿಸಿಯೇ ನಡೆದದ್ದು. ಪೈಲ್ವಾನ ಜಟ್ಟೆಪ್ಪನಂತೂ ಹಲಸಿನಹಣ್ಣು ಕೊಳ್ಳಲು ಹೋದರೂ ಗುಡ್ಡದ ಕಥೆ ಹೇಳುತ್ತಿದ್ದ. ಹೋಗುವಾಗಲೂ ಬರುವಾಗಲೂ ಬೀದಿಯ ಬಟ್ಟೆಯೆಲ್ಲ ಮತ್ತೆ ನೆಲಕ್ಕೆ ಬಿತ್ತು. ವಿಮಾನ ಗುಡ್ಡದಿಂದ ಇಳಿದ ಮೇಲೆ ಗರುಡನಿಗಷ್ಟೇ ಅಲ್ಲ, ಕಾಗೆಗೂ ನಡುಗತೊಡಗಿತು.

ನಲವತ್ತಮೂರನೆಯ ದಿನ ಸಾವಂತ್ರಕ್ಕ ನನ್ನನ್ನು ಅಳತೆಗೆ ಕರೆದಳು. ಕೂರದ ವಿಮಾನಕ್ಕೆ ಅಳತೆ ತೆಗೆಯುವುದು ಸಮಾಧಾನದ ಕೆಲಸವಷ್ಟೇ. ಆದರೂ ಹೋದೆ. ಹೊಟ್ಟೆಯ ಕೆಳಗೆ ಬಗ್ಗಿ ಟೇಪು ಹಿಡಿದೆ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಯನ್ನು ಗುರುತಿಗೆಂದು ಟೇಪಿಗೆ ಚುಚ್ಚಲು ಹೋಗಿ ಮರೆವಿನಲ್ಲಿ ವಿಮಾನಕ್ಕೇ ಚುಚ್ಚಿದೆ. ಸೂಜಿ ಸಲೀಸಾಗಿ ಒಳಕ್ಕೆ ಹೋಯಿತು.

ನಾನು ಅಲ್ಲೇ ಅಂಡೂರಿದೆ. ಮೂವತ್ತು ವರ್ಷ ವಿಮಾನದ ಮೈ ಮುಟ್ಟಿದವನು ನಾನು. ಯಾವ ವಿಮಾನಕ್ಕೂ ಸೂಜಿ ನಾಟುವುದಿಲ್ಲ. ಉಗುರಿನಿಂದ ಬೆಳ್ಳಿ ಬಣ್ಣ ಕೆರೆದೆ. ಕೆಳಗೆ ಕ್ಯಾನ್ವಾಸು ಬಟ್ಟೆ. ಬಟ್ಟೆಯ ಮೇಲೆ ತೇಪೆ, ತೇಪೆಯ ಮೇಲೆ ಇನ್ನೊಂದು ತೇಪೆ. ಒಂದು ಹೊಲಿಗೆ ಸಣ್ಣದು, ಒಂದು ಒರಟು, ಒಂದು ಎಡಗೈಯವನದು. ಎಷ್ಟೋ ಕೈಗಳು ಎಷ್ಟೋ ವರ್ಷ ಕೂತು ಹೊಲಿದದ್ದು. ಬೆರಳಿನಿಂದ ತಟ್ಟಿದರೆ ಒಳಗೆ ಮರದ ಸದ್ದು. ಚಕ್ರವನ್ನು ತಟ್ಟಿದೆ, ಅದೂ ಮರ, ಮೇಲೆ ಕಪ್ಪು ಬಣ್ಣ. ಇಳಿಯಲು ಅದರಲ್ಲಿ ಗಾಳಿಯೇ ಇರಲಿಲ್ಲ.

ಹರೆಯದಲ್ಲಿ ನಾನು ಎರಡು ವರ್ಷ ಸೇನೆಯ ಶಿಬಿರವೊಂದರಲ್ಲಿ ಡೇರೆ ಹೊಲಿದಿದ್ದೆ. ಇಂಥವುಗಳ ಮಾತು ಅಲ್ಲಿ ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ. ಹೇಗೆ ಹೇಳಲಿ ಎಂದು ಹೊಟ್ಟೆಯ ಕೆಳಗೇ ಸ್ವಲ್ಪ ಹೊತ್ತು ಕೂತಿದ್ದೆ. ಸಾವಂತ್ರಕ್ಕ ಬಗ್ಗಿ ನೋಡಿದಳು.

"ಅಳತೆ ತೆಗೀತಿದೀಯೋ ನಿದ್ದೆ ಮಾಡ್ತಿದೀಯೋ?"

"ಅಕ್ಕ, ಇದು ಮರದ್ದು. ಇಂಜಿನ್ ಇಲ್ಲ. ಇದು ಯಾವತ್ತೂ ಹಾರಿಲ್ಲ."

"ಹಾರಿಲ್ವಾ? ಹಂಗಾದ್ರೆ ಸೇನೇಲಿ ಏನ್ ಮಾಡ್ಕೊಂಡಿತ್ತು?"

"ನಿಂತಿತ್ತು. ನಿಜವಾದ ವಿಮಾನಗಳನ್ನ ಮರಗಳ ಕೆಳಗೆ ಬಚ್ಚಿಟ್ಟು ಇದನ್ನ ಬಯಲಲ್ಲಿ ನಿಲ್ಲಿಸ್ತಾರೆ. ಮೇಲಿಂದ ಬಂದೋರು ಇದನ್ನೇ ವಿಮಾನ ಅನ್ಕೊಂಡು ಬಾಂಬು ಹಾಕ್ಲಿ ಅಂತ. ಹರಿದ್ಮೇಲೆ ತೇಪೆ ಹಾಕಿ ಮತ್ತೆ ಬಯಲಲ್ಲಿ ನಿಲ್ಲಿಸ್ತಾರೆ."

ಸಾವಂತ್ರಕ್ಕ ತಾನು ಕಿತ್ತುಹಾಕಿದ ಬೇಲಿಯನ್ನು ನೋಡಿದಳು, ಕಡಿಸಿದ ನುಗ್ಗೆಕೊಂಬೆಯನ್ನು ನೋಡಿದಳು, ದೂರದ ಬೋಳುಗುಡ್ಡವನ್ನು ನೋಡಿದಳು.

"ಅಯ್ಯೋ ನನ್ನಪ್ಪ" ಎಂದಳು. "ನಾವೂ ತಂದು ಬಯಲಲ್ಲೇ ನಿಲ್ಸಿದೀವಲ್ಲೋ. ಗುಡ್ಡದ ಮೇಲೆ ಬೇರೆ ಹತ್ತಿಸಿದ್ವಿ."

ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ನನ್ನದು ಬಣ್ಣದ ಪುಡಿ ಬಿದ್ದು ಬಂದದ್ದು ಎಂದೆ. ಅವಳು ನಂಬಲಿಲ್ಲ.

"ಗವಸು ಹೊಲಿ" ಎಂದಳು.

"ಕೂರೋ ಮೊದಲು ಗವಸು ಹಾಕಿದ್ರೆ ನನ್ನ ಕತ್ತರಿ ಕಿತ್ಕೋತಾರೆ ಅಕ್ಕ. ನಿಯಮ ಹಂಗಿದೆ."

"ಕತ್ತರಿ ಹೋದ್ರೆ ಹಪ್ಪಳ ಲಟ್ಸೋಕೆ ಬಾ, ಕೈ ಚೆನ್ನಾಗಿದೆ ನಿಂದು. ಹೊಲಿ ಅಂದ್ರೆ ಹೊಲಿ. ರೆಕ್ಕೆನೂ ಸೇರಿಸಿ, ನೆಲದವರೆಗೆ. ಮಣ್ಣಿನ ಬಣ್ಣದ್ದು."

"ರೆಕ್ಕೆನೂ ಮುಚ್ಚಿದ್ರೆ ಹಪ್ಪಳ ಎಲ್ಲಿ ಹಾಕ್ತೀಯ? ಗವಸಿನ ಮೇಲೆ ಹರಡ್ತೀಯಾ?"

ಅವಳು ಆ ಅಗಲವಾದ, ಸೊಂಟದೆತ್ತರದ ರೆಕ್ಕೆಯ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಹನ್ನೊಂದು ವರ್ಷ ಕಾದ ರೆಕ್ಕೆ ಅದು. "ಇನ್ಮೇಲೆ ಇದರ ಮೇಲೆ ಮೇಲಿಂದ ಏನೂ ಬೀಳಬಾರದು ರುಕ್ಮಣ್ಣ" ಎಂದಳು. "ಹಪ್ಪಳ ಕೂಡ."

ನಾಲ್ಕು ದಿನ ಅಂಗಡಿಯ ಬಾಗಿಲು ಅರ್ಧ ಹಾಕಿ ಹೊಲಿದೆ. ಡೇರೆಯ ಹಳೇ ಬಟ್ಟೆ, ಜೋಡಿ ಹೊಲಿಗೆ. ಮರದ ಚಕ್ರ ಇಳಿಯುವುದಿಲ್ಲವಲ್ಲ, ಹಾಗಾಗಿ ನಾಲ್ಕು ಬೆರಳು ಕಳೆಯಲಿಲ್ಲ. ನಲವತ್ತೇಳನೆಯ ದಿನ ಸಂಜೆಗೆ ಮುಂಚೆ, ಊರವರೆಲ್ಲ ಹೊಳೆಯ ಕಡೆ ಇದ್ದಾಗ, ನಾನೂ ಅವಳೂ ನನ್ನ ಹೆಂಡತಿಯೂ ಸೇರಿ ಗವಸು ಹೊದಿಸಿದೆವು. ಅಂಚು ಸರಿಯಾಗಿ ನೆಲ ಮುಟ್ಟಿತು, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸಾವಂತ್ರಕ್ಕ ಗವಸಿನ ಒಳಕ್ಕೆ ತಲೆ ಹಾಕಿ, "ಈಗ ನೀನು ಯಾರಿಗೂ ಕಾಣಲ್ಲ" ಎಂದು ಹೇಳಿ ಬಂದಳು.

ಮರುದಿನ ಬೆಳಗ್ಗೆ ಲಾರಿ ಬಂತು. ಪಾರುಪತ್ತೆಗಾರರು ಗಾಳಿ ಅಳೆಯುವ ಮಾಪಕ ಹಿಡಿದು ಬಂದರು. ಹಿಂದೆ ಇಡೀ ಊರು. ಅವರಿಗಿಂತ ಮೊದಲೇ ಓಡಿದ ನಾನು ಗವಸಿನ ಅಂಚು ನೋಡಿ ತಲೆ ತಗ್ಗಿಸಿದೆ. ಅದು ಸುತ್ತಲೂ ನೆಲದ ಮೇಲೆ ಮುದುಡಿ ಬಿದ್ದಿತ್ತು. ಇಷ್ಟು ವರ್ಷದಲ್ಲಿ ಎಂದೂ ತಪ್ಪದ ಅಳತೆ ಇವತ್ತೇ ತಪ್ಪಬೇಕೆ? ಯಾರಿಗೂ ಕಾಣದಿರಲೆಂದು ಕಾಲಿನಿಂದ ಒಳಕ್ಕೆ ತುರುಕುತ್ತ ನಿಂತೆ.

ಗವಸು ಕಂಡು ಪಾರುಪತ್ತೆಗಾರರ ಮುಖ ಕೆಂಪಾಯಿತು. "ಯಾರು ಹಾಕಿದ್ದು ಇದನ್ನ? ರುಕ್ಮಾಂಗದ!"

"ಹೌದು ಸ್ವಾಮಿ, ನಾನೇ" ಎಂದೆ.

ಅವರು ಅಂಚೆತ್ತಿ ಮಾಪಕ ಹಿಡಿದು ಒಳಗೆ ತೂರಿದರು. ಗಾಳಿ ತುಂಬುವ ಜಾಗಕ್ಕಾಗಿ ಚಕ್ರದ ಸುತ್ತ ತಡಕಾಡಿದರು. ಹೊರಗೆ ಬಂದಾಗ ಅವರ ಬೆರಳಲ್ಲಿ ಮರದ ಸಿಬಿರು ಚುಚ್ಚಿಕೊಂಡಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸಿಬಿರನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡರು.

"ಇಂಜಿನ್ ಇಲ್ಲ, ಗಾಳಿ ಇಲ್ಲ, ಹಾರಿದ್ದೂ ಇಲ್ಲ. ಇದು ವಿಮಾನವೇ ಅಲ್ಲಮ್ಮ. ನಾನೇನು ಮಾಡ್ಲಿ, ಪುಸ್ತಕದಲ್ಲಿ ಇದಕ್ಕೆ ಜಾಗವೇ ಇಲ್ಲ. ಲಾರಿಗೆ ಹಾಕಿ."

ಸಾವಂತ್ರಕ್ಕ ಅಡ್ಡ ನಿಂತಳು. "ಬಾಂಬು ಹಾಕೋರಿಗೆ ವಿಮಾನ ಆಗಿತ್ತಲ್ಲ, ನಿಮಗೆ ಆಗಲ್ವಾ? ನಿಮ್ಮನೆ ವಿಮಾನದ ಮೈಮೇಲೆ ಒಂದು ಗೀರಿಲ್ಲ ಅಂತ ಬಂದೋರಿಗೆಲ್ಲ ತೋರಿಸ್ತೀರಲ್ಲ ಸ್ವಾಮಿ, ಅದಕ್ಕೆ ಬೀಳಬೇಕಾದ ಗೀರೆಲ್ಲ ಇದರ ಮೇಲಿದೆ. ಬೇಕಾದ್ರೆ ಎಣಿಸಿ."

ಪಾರುಪತ್ತೆಗಾರರು ತಮ್ಮ ಅಂಗಳದ ಕಡೆ ಒಮ್ಮೆ ತಿರುಗಿ ನೋಡಿದರು. ಆದರೂ ಮೆಲ್ಲಗೆ, "ನಿಯಮ ನಿಯಮವೇ ಅಮ್ಮ. ಜಟ್ಟೆಪ್ಪ, ಹಗ್ಗ ಹಾಕು" ಎಂದರು.

ಜಟ್ಟೆಪ್ಪ ಮತ್ತು ಅವನ ಏಳು ಜನ ಹಗ್ಗ ಕಟ್ಟಿ ಎಳೆದರು. ವಿಮಾನ ಅಲುಗಲಿಲ್ಲ. ಜಟ್ಟೆಪ್ಪ ಅಂಗಿ ಬಿಚ್ಚಿದ. ಆಗಲೂ ಅಲುಗಲಿಲ್ಲ. ಇಪ್ಪತ್ತು ಜನ ಸೇರಿದರು, ಆಮೇಲೆ ನಲವತ್ತು. ಹಗ್ಗ ಬಿಗಿದು ಕಿರುಗುಟ್ಟಿತು, ಎಳೆಯುವವರ ಕಾಲು ಜಾರಿತು, ಒಬ್ಬರ ಮೇಲೊಬ್ಬರು ಬಿದ್ದರು. ಎಂಟು ಜನ ಗುಡ್ಡ ಹತ್ತಿಸಿದ್ದ ವಿಮಾನ ಒಂದು ಗೇಣೂ ಕದಲಲಿಲ್ಲ. ಬಿದ್ದ ಜಟ್ಟೆಪ್ಪ ನೆಲದ ಮೇಲೆಯೇ ಕೂತು, "ಇವತ್ತು ಬೆಳಿಗ್ಗೆ ನಾನು ಮುದ್ದೆ ತಿಂದಿಲ್ಲ" ಎಂದ. ಊರೆಲ್ಲ ಗೊಳ್ಳೆಂದಿತು.

ನನಗೆ ಆಗ ಹೊಳೆಯಿತು. ತುರುಕಿದ್ದ ಅಂಚನ್ನು ಹೊರಗೆಳೆದೆ. ಬಗ್ಗಿ ಚಕ್ರಗಳನ್ನು ನೋಡಿದೆ. ಮೂರೂ ಚಕ್ರಗಳು ಗಟ್ಟಿನೆಲದೊಳಕ್ಕೆ ಒಂದೇ ಸಮ ಇಳಿದಿದ್ದವು. ಕೂಗಿದೆ, ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಪಾರುಪತ್ತೆಗಾರರು ಪಂಚೆ ಎತ್ತಿ ಕಟ್ಟಿ ಮತ್ತೆ ಒಳಗೆ ತೂರಿದರು. ಚಕ್ರದ ಪಕ್ಕ ಬೆರಳಿಟ್ಟು ಅಳೆದರು. ಅವರ ಸ್ವರ ಗವಸಿನೊಳಗಿಂದ ಬಂತು.

"ಗಾಳಿ ಇಳಿದ್ರೆ ವಿಮಾನ ಎಷ್ಟು ಕೆಳಗೆ ಬರುತ್ತೆ ರುಕ್ಮಾಂಗದ?"

"ನಾಲ್ಕು ಬೆರಳು ಸ್ವಾಮಿ."

ಸ್ವಲ್ಪ ಹೊತ್ತು ಅವರು ಹೊರಗೆ ಬರಲಿಲ್ಲ. ಬಂದಾಗ ತೇಪೆಗಳ ಬೆಳ್ಳಿ ಬಣ್ಣ ಅವರ ಎರಡೂ ಅಂಗೈಗೆ ಹತ್ತಿತ್ತು. ಜೇಬಿನಿಂದ ಪುಸ್ತಕ ತೆಗೆದು, ಕೂತಿದೆ ಎಂದು ಬರೆದರು. ಲಾರಿಯವನಿಗೆ ಊಟ ಹಾಕಿಸಿ ಕಳಿಸಿದೆವು. ಹೋಳಿಗೆ ಎರಡು ಸುತ್ತು ಬಂತು, ಜಟ್ಟೆಪ್ಪ ಒಂಬತ್ತು ತಿಂದ. ನನ್ನ ಕತ್ತರಿ ನನ್ನ ಬಳಿಯೇ ಉಳಿಯಿತು.

ಅಷ್ಟಾದ ಮೇಲೂ ಸಾವಂತ್ರಕ್ಕನಿಗೆ ರೆಕ್ಕೆಯಿಲ್ಲದ ಹಾಗೇ ಆಯಿತಲ್ಲ ಎಂದು ನನಗೆ ಒಳಗೊಳಗೇ ಕೊರೆಯುತ್ತಿತ್ತು. ಮೂರನೆಯ ದಿನ ಅವಳು ಎಂದಿನಂತೆ ಮೊರ ಸೊಂಟಕ್ಕೇರಿಸಿ, ಸ್ಟೂಲು ಹಿಡಿದು ಹೊರಟಳು. ಸ್ಟೂಲನ್ನು ನಾನು ಕಸಿದುಕೊಂಡು ಜೊತೆಗೆ ಹೋದೆ. ಪಾರುಪತ್ತೆಗಾರರ ಅಂಗಳಕ್ಕೆ ಬಂದೆವು. ಚೂಪು ಮೂಗಿನ ಯುದ್ಧವಿಮಾನದ ರೆಕ್ಕೆಯ ಮೇಲೆ ಗಿರಿಜಮ್ಮನ ಸೀರೆ ಒಣಗುತ್ತಿತ್ತು. ಸಾವಂತ್ರಕ್ಕ ಬಾಗಿಲ ಕಡೆ ತಿರುಗಿ ಕೇಳಬೇಕೆನ್ನುವಷ್ಟರಲ್ಲಿ ಸೀರೆ ಜಾರಿ ಕೆಳಗೆ ಬಿತ್ತು. ಗಾಳಿ ಇರಲಿಲ್ಲ. ಈ ಸಲ ನಾನು ನೋಡುತ್ತಲೇ ಇದ್ದೆ. ಆಳೆತ್ತರದ ಆ ರೆಕ್ಕೆ ನಿಧಾನವಾಗಿ ಬಾಗಿತು, ಎದೆಯ ಮಟ್ಟಕ್ಕೆ ಬಂತು, ಇನ್ನೂ ಬಾಗಿ ಅವಳ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಮೆರವಣಿಗೆಯ ದಿನ ಬೀದಿಯುದ್ದಕ್ಕೂ ಬಟ್ಟೆ ಬಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ನಾವು ಗಾಳಿಯನ್ನು ಬೈಯುತ್ತಿದ್ದಾಗ ಅಂಗಳಗಳ ವಿಮಾನಗಳು ತಮ್ಮನ್ನು ಉಳಿಸಿದ ಆ ಮರದ ವಿಮಾನಕ್ಕೆ ತಲೆಬಾಗಿದ್ದವು.

ಹೊರಗೆ ಬಂದ ಗಿರಿಜಮ್ಮ ಬಿದ್ದ ಸೀರೆಯನ್ನು ಎತ್ತಿಕೊಳ್ಳುವುದನ್ನೂ ಮರೆತು ನಿಂತರು. "ಹಾಕ್ಕೋ ಸಾವಂತ್ರಿ" ಎಂದರು, ಅದರ ಮುಂದೆ ಏನೂ ಸೇರಿಸಲಿಲ್ಲ.

ಸಾವಂತ್ರಕ್ಕ ಸೆರಗಿನಿಂದ ರೆಕ್ಕೆ ಒರೆಸಿ, ಬಟ್ಟೆ ಹಾಸಿ, ಒಂದೊಂದೇ ಹಪ್ಪಳ ಹರಡಿದಳು. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ರೆಕ್ಕೆ ಬಿಸಿಲು ಇಳಿಯುವವರೆಗೂ ಹಾಗೇ ಬಾಗಿಕೊಂಡೇ ಇತ್ತು, ಒಂದು ಹಪ್ಪಳವೂ ಜಾರಿ ಬೀಳಲಿಲ್ಲ.